ಎರೆ ಭೂಮಿಗೂ ಮಸಾರಿಗೂ ಒಂದೇ ಅಂದಾಜುಪಟ್ಟಿ: ಉತ್ತರ ಕರ್ನಾಟಕದ ಬಡವರ ಮನೆ ಯಾಕೆ ಬಿರಿಯುತ್ತದೆ?

ಹತ್ತು ಸಾವಿರ ರೂಪಾಯಿ. ಬಯಲಲ್ಲಿ ಕಟ್ಟುವ ಮನೆಗೂ ಗುಡ್ಡದಲ್ಲಿ ಕಟ್ಟುವ ಮನೆಗೂ ಕೇಂದ್ರ ಸರ್ಕಾರ ಒಪ್ಪಿಕೊಂಡಿರುವ ವ್ಯತ್ಯಾಸ ಇಷ್ಟು. ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) 2016ರಲ್ಲಿ ಶುರುವಾದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶದ ಮನೆಗೆ 1.30 ಲಕ್ಷ ಅಂತ ನಿಗದಿಯಾಯಿತು. 2024ರ ಆಗಸ್ಟ್‌ನಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗಲೂ ಅದೇ ಮೊತ್ತ ಮುಂದುವರಿಯಿತು.

ಎಂಟು ವರ್ಷದಲ್ಲಿ ಸಿಮೆಂಟು, ಕಬ್ಬಿಣದ ದರ ಎಲ್ಲಿಗೆ ಹೋಯಿತು ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ, ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಈ ಲೆಕ್ಕದಲ್ಲಿ ಅಡಗಿರುವ ಇನ್ನೊಂದು ವಿಚಾರ ನೋಡಿ. ಜಾಗ ಬದಲಾದರೆ ಮನೆ ಕಟ್ಟುವ ಖರ್ಚೂ ಬದಲಾಗುತ್ತದೆ ಅನ್ನೋ ತತ್ವವನ್ನು ಸರ್ಕಾರ ಈಗಾಗಲೇ ಒಪ್ಪಿದೆ. ಆದರೆ ಅದು ನೋಡುವುದು ನೆಲದ ಎತ್ತರವನ್ನು ಮಾತ್ರ. ನೆಲದೊಳಗೆ ಏನಿದೆ ಅಂತ ಕೇಳುವುದಿಲ್ಲ. ಹಾಗಾಗಿ ಕೋಲಾರದ ಕೆಂಪು ಮಣ್ಣಿಗೆ, ದಕ್ಷಿಣ ಕನ್ನಡದ ಜಂಬಿಟ್ಟಿಗೆಗೆ, ವಿಜಯಪುರದ ಎರೆ ಭೂಮಿಗೆ ಒಂದೇ ದರ. ಈ ಕಣ್ತಪ್ಪಿನ ಬೆಲೆ ತೆರುತ್ತಿರುವವರು ಯಾರು ಅನ್ನೋದು ನಿಜಕ್ಕೂ ರಾಜಕೀಯ ಪ್ರಶ್ನೆ.

ಎರೆ ಮಣ್ಣು ಮಾಡುವುದೇನು?

ಕಲಬುರಗಿ, ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ರಾಯಚೂರು ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಎರೆ ಹೊಲ ಹೇಗೆ ಬಾಯಿ ಬಿಡುತ್ತದೆ, ಬಿರುಕಿನಲ್ಲಿ ಕೈ ಹೇಗೆ ಇಳಿಯುತ್ತದೆ, ಮಳೆ ಬಿದ್ದ ಮೇಲೆ ಅದೇ ನೆಲ ಹೇಗೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಂಡು ಕಾಲಿಗೆ ಮೆತ್ತಿಕೊಳ್ಳುತ್ತದೆ ಅಂತ ಅವರು ಹುಟ್ಟಿದಾಗಿನಿಂದ ನೋಡಿದ್ದಾರೆ.

ಕಾರಣ ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನೋ ಖನಿಜ. ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುವ ಇದು ಪದರಗಳ ನಡುವೆ ನೀರು ಎಳೆದುಕೊಂಡು ಹಿಗ್ಗುತ್ತದೆ, ನೀರು ಬಿಟ್ಟಾಗ ಕುಗ್ಗುತ್ತದೆ. ಜೋಳ, ಕಡಲೆ, ಹತ್ತಿಗೆ ಇದು ವರ. ಹಿಂಗಾರಿನಲ್ಲಿ ಮಳೆಯಿಲ್ಲದೆಯೂ ಬೆಳೆ ಬರುವುದು ಇದೇ ಗುಣದಿಂದ. ಅದೇ ಗುಣ ಗೋಡೆಗೆ ಶಾಪ. ಹೊಲ ಉಸಿರಾಡಿದ ಹಾಗೆ ವರ್ಷಕ್ಕೊಮ್ಮೆ ಮೇಲೇರಿ ಕೆಳಗಿಳಿಯುತ್ತದೆ, ಅದರ ಮೇಲೆ ಕೂತ ಮನೆಯೂ ಅದರ ಜೊತೆ ಏರಿಳಿಯಬೇಕು.

ಇಡೀ ಮನೆ ಒಂದೇ ಸಮನಾಗಿ ಏರಿ ಇಳಿದರೆ ತೊಂದರೆ ಕಡಿಮೆ. ಹಾಗೆ ಆಗುವುದಿಲ್ಲ. ಮನೆಯ ನಡುಭಾಗದ ಕೆಳಗೆ ಬಿಸಿಲು ತಾಗದೆ ತೇವ ಉಳಿಯುತ್ತದೆ. ಅಂಚಿನ ಮಣ್ಣು ಒಣಗುತ್ತದೆ, ನೆನೆಯುತ್ತದೆ, ಮತ್ತೆ ಒಣಗುತ್ತದೆ. ಒಂದು ಬದಿಗೆ ಬಚ್ಚಲ ನೀರು ಇಂಗಿದರೆ ಆ ಮೂಲೆ ಎದ್ದು ನಿಲ್ಲುತ್ತದೆ. ಇನ್ನೊಂದು ಬದಿಗೆ ಬೇವಿನ ಮರ ಇದ್ದರೆ ಬೇರು ನೀರು ಹೀರಿ ಆ ಮೂಲೆ ಕುಸಿಯುತ್ತದೆ. ಇಟ್ಟಿಗೆ, ಸಿಮೆಂಟಿನ ಗೋಡೆಗೆ ಬಾಗುವ ಶಕ್ತಿ ಇಲ್ಲ. ಅದು ಬಿರಿಯುತ್ತದೆ.

ಎಲ್ಲ ಬಿರುಕಿಗೂ ಮಣ್ಣೇ ಕಾರಣ ಅಂತಲ್ಲ. ಗುತ್ತಿಗೆದಾರ ಸಿಮೆಂಟು ಉಳಿಸಿದ್ದರೆ, ಕ್ಯೂರಿಂಗ್ ಮಾಡದಿದ್ದರೆ ಅದರ ಬಿರುಕುಗಳೇ ಬೇರೆ. ಚಾವಣಿಯ ಕೆಳಗೆ ಅಡ್ಡಲಾಗಿ ಓಡುವ ಗೆರೆ ಸಾಮಾನ್ಯವಾಗಿ ಬಿಸಿಲಿಗೆ ಕಾಂಕ್ರೀಟು ಹಿಗ್ಗಿ ಆದದ್ದು. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ, ಮೆಟ್ಟಿಲಿನ ಹಾಗೆ ಇಟ್ಟಿಗೆ ಸಂದಿ ಹಿಡಿದು ಹೋಗುವ, ಮಳೆಗಾಲಕ್ಕೂ ಬೇಸಿಗೆಗೂ ಅಗಲ ಬದಲಾಗುವ ಬಿರುಕು ಕಂಡರೆ ಮಾತ್ರ ಪಾಯದ ಕೆಳಗಿನ ಮಣ್ಣನ್ನು ಅನುಮಾನಿಸಬೇಕು. ಎರೆ ಸೀಮೆಯ ಹಳ್ಳಿಗಳಲ್ಲಿ ಈ ಓರೆ ಬಿರುಕನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಭಾರದ ಮನೆ ಉಳಿಯುತ್ತದೆ, ಹಗುರ ಮನೆ ಬಿರಿಯುತ್ತದೆ

ಸಾಮಾನ್ಯವಾಗಿ ನಾವು ಅಂದುಕೊಳ್ಳುವುದು, ಮೆತ್ತನೆಯ ಮಣ್ಣು ಮನೆಯ ಭಾರ ತಡೆಯಲಾರದೆ ಕುಸಿಯುತ್ತದೆ ಅಂತ. ಎರೆ ಮಣ್ಣಿನಲ್ಲಿ ಸಣ್ಣ ಮನೆಗಳ ಕಥೆ ಬಹುಪಾಲು ಇದಕ್ಕೆ ಉಲ್ಟಾ. ಒಂದು ಸಣ್ಣ ಲೆಕ್ಕ ಹಾಕೋಣ.

ಒಂದೇ ಅಂತಸ್ತಿನ ಮನೆ. ಒಂಬತ್ತಿಂಚಿನ ಗೋಡೆ, ಹತ್ತಡಿ ಎತ್ತರ, ಮೇಲೆ ಆರ್‌ಸಿಸಿ ಚಾವಣಿ. ಒಂದು ಮೀಟರ್ ಉದ್ದದ ಗೋಡೆ ಪಾಯಕ್ಕೆ ಇಳಿಸುವ ಭಾರ ಅಂದಾಜು ಎರಡೂವರೆಯಿಂದ ಮೂರು ಟನ್. ಪಾಯದ ಅಗಲ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ಅಂತ ಇಟ್ಟುಕೊಂಡರೆ, ಮಣ್ಣಿನ ಮೇಲೆ ಚದರ ಮೀಟರಿಗೆ ಬೀಳುವ ಒತ್ತಡ ಮೂರ್ನಾಲ್ಕು ಟನ್. ಇತ್ತ ಒಣಗಿದ ಎರೆ ಮಣ್ಣು ನೀರು ಕುಡಿದು ಉಬ್ಬುವಾಗ ಮೇಲಕ್ಕೆ ತಳ್ಳುವ ಒತ್ತಡ ಚದರ ಮೀಟರಿಗೆ 10 ಟನ್ ದಾಟುವುದು ಅಪರೂಪವೇನಲ್ಲ. 20–30 ಟನ್ ತನಕವೂ ಹೋಗುತ್ತದೆ.

ಅಂದರೆ ಮಣ್ಣು ಈ ಮನೆಯನ್ನು ಎತ್ತುತ್ತದೆ. ಮನೆಗೆ ಮಣ್ಣನ್ನು ಅದುಮಿಡುವಷ್ಟು ಭಾರವೇ ಇಲ್ಲ. ನಾಲ್ಕಂತಸ್ತಿನ ಕಟ್ಟಡದವರು ಹೇಗೂ ಎಂಜಿನಿಯರ್ ಕರೆಸುತ್ತಾರೆ, ಆಳಕ್ಕೆ ಹೋಗುತ್ತಾರೆ, ಮೇಲಾಗಿ ಕಟ್ಟಡವೇ ಭಾರ. ಈ ಮಣ್ಣು ಆರಿಸಿ ಆರಿಸಿ ಬಿರಿಯುವಂತೆ ಮಾಡುವುದು ಹಗುರ ಮನೆಯನ್ನು. 25 ಚದರ ಮೀಟರಿನ ಆಶ್ರಯ ಮನೆ, ಅಂಗನವಾಡಿ, ಒಂದೇ ಕೋಣೆಯ ಶಾಲೆ, ಕಾಂಪೌಂಡು. ಬಡವರಿಗಾಗಿ ಕಟ್ಟುವುದೆಲ್ಲ ಈ ಪಟ್ಟಿಯಲ್ಲೇ ಬರುತ್ತದೆ.

'ನಮ್ಮ ಹಿರಿಯರು ನೂರಾರು ವರ್ಷ ಇದೇ ನೆಲದಲ್ಲಿ ಮನೆ ಕಟ್ಟಿರಲಿಲ್ವಾ' ಅಂತ ಕೇಳಬಹುದು. ಕಟ್ಟಿದ್ದರು, ಆದರೆ ಹೀಗಲ್ಲ. ಸಾಧ್ಯವಾದ ಕಡೆ ಊರನ್ನು ಗಟ್ಟಿ ನೆಲದ ದಿಬ್ಬದ ಮೇಲೆ ಕೂರಿಸಿ ಎರೆಯನ್ನು ಬೆಳೆಗೆ ಬಿಟ್ಟರು. ಎರಡಡಿ, ಮೂರಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ ಕಟ್ಟಿದರು. ಅದು ಭಾರವೂ ಹೌದು, ಮಣ್ಣಿನ ಗಾರೆಯಾದ್ದರಿಂದ ತುಸು ಅಲುಗಾಡಿದರೂ ತಡೆದುಕೊಳ್ಳುತ್ತಿತ್ತು. ಬಿರುಕು ಬಿಟ್ಟರೆ ಮನೆಯವರೇ ಮಣ್ಣು ಮೆತ್ತುತ್ತಿದ್ದರು. ಈಗ ಗೋಡೆ ತೆಳು, ಗಾರೆ ಬಿರುಸು. ಮನೆಯೊಳಗೆ ನಲ್ಲಿ, ಗೋಡೆಗೆ ಹತ್ತಿಕೊಂಡೇ ಬಚ್ಚಲು, ಶೌಚಾಲಯದ ಗುಂಡಿ. ನಲ್ಲಿ ನೀರು ಬಂದದ್ದು ಒಳ್ಳೆಯದೇ. ಬಳಸಿದ ನೀರು ಎಲ್ಲಿಗೆ ಹೋಗಬೇಕು ಅನ್ನೋದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಅದು ಪಾಯದ ಕೆಳಗೆ ಹೋಗುತ್ತಿದೆ.

ಹಿಮ ಬೀಳುವ ಊರಿನ ಪಾಠ

ನೆಲವೇ ಏರಿಳಿಯುವ ಸಮಸ್ಯೆ ನಮಗೊಬ್ಬರಿಗೇ ಇಲ್ಲ. ಚಳಿ ದೇಶಗಳಲ್ಲಿ ಇದೇ ಕೆಲಸವನ್ನು ಹಿಮ ಮಾಡುತ್ತದೆ. ಚಳಿಗಾಲದಲ್ಲಿ ನೆಲ ಮೇಲಿಂದ ಹೆಪ್ಪುಗಟ್ಟುತ್ತಾ ಹೋದಾಗ, ನುಣುಪು ಮಣ್ಣಿನ ಮೂಲಕ ಕೆಳಗಿನ ನೀರು ಮೇಲಕ್ಕೆ ಸೆಳೆಯಲ್ಪಟ್ಟು ಪದರ ಪದರವಾಗಿ ಮಂಜುಗಡ್ಡೆ ಕಟ್ಟುತ್ತದೆ. ನೆಲ ಉಬ್ಬಿ ಪಾಯವನ್ನು ಎತ್ತುತ್ತದೆ. ವಸಂತದಲ್ಲಿ ಕರಗಿದಾಗ ಪಾಯ ಕುಸಿಯುತ್ತದೆ. ಅಲ್ಲಿ ಕುಳಿರು, ಇಲ್ಲಿ ಮಳೆ. ಮನೆಗೆ ಆಗುವ ಪೆಟ್ಟು ಹೆಚ್ಚೂ ಕಡಿಮೆ ಒಂದೇ.

ವ್ಯತ್ಯಾಸ ಇರುವುದು ಕಾನೂನಿನಲ್ಲಿ. ಅಮೆರಿಕದ ಮಿನ್ನೆಸೋಟ ರಾಜ್ಯ ಹಿಮದ ಲೆಕ್ಕದಲ್ಲಿ ತನ್ನ ಜಿಲ್ಲೆಗಳನ್ನು ಎರಡು ವಲಯ ಮಾಡಿಕೊಂಡಿದೆ. ಉತ್ತರದ ವಲಯದಲ್ಲಿ ಪಾಯ ಕನಿಷ್ಠ 5 ಅಡಿ ಆಳಕ್ಕೆ ಹೋಗಬೇಕು, ಉಳಿದ ಕಡೆ ಮೂರೂವರೆ ಅಡಿ. ಎಂಜಿನಿಯರ್ ಕರೆಸುವ ದುಡ್ಡಿಲ್ಲದವನಿಗೂ ತನ್ನ ಊರಿನ ಆಳ ಎಷ್ಟು ಅಂತ ಗೊತ್ತಿರುತ್ತದೆ, ಯಾಕೆಂದರೆ ಅದು ಕಟ್ಟಡ ನಿಯಮದಲ್ಲೇ ಬರೆದಿದೆ. ಫ್ರಾನ್ಸ್‌ನಲ್ಲಿ ಸಮಸ್ಯೆ ನಮ್ಮಂತೆ ಹಿಗ್ಗುವ ಜೇಡಿಯದ್ದು. ಅಲ್ಲಿ 2018ರಲ್ಲಿ ಬಂದ ಕಾನೂನು 2020ರಿಂದ ಜಾರಿಯಾಗಿ, ಜೇಡಿ ಮಣ್ಣಿನ ಅಪಾಯ ಮಧ್ಯಮ ಅಥವಾ ಹೆಚ್ಚು ಇರುವ ವಲಯದಲ್ಲಿ ಮನೆ ನಿವೇಶನ ಮಾರುವವರು ಮಣ್ಣಿನ ಪ್ರಾಥಮಿಕ ವರದಿ ಕೊಡಲೇಬೇಕು ಅಂತಾಯಿತು. ಯಾವ ಊರು ಯಾವ ವಲಯದಲ್ಲಿದೆ ಅನ್ನುವ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಪಾಯಗಳ ಬಗ್ಗೆ ಭಾರತೀಯ ಮಾನಕ ಬ್ಯೂರೋದ ಸಂಹಿತೆ ಐಎಸ್ 1904 ಇದೆ. ಪಾಯದ ಆಳ ನಿರ್ಧರಿಸುವಾಗ, ಜೇಡಿ ಮಣ್ಣಾದರೆ ಹವಾಮಾನಕ್ಕೆ ಹಿಗ್ಗಿ ಕುಗ್ಗುವ ಪದರ ದಾಟಿ ಹೋಗಿ, ನುಣುಪು ಮರಳು ಮಣ್ಣಾದರೆ ಹಿಮ ತೊಂದರೆ ಕೊಡುವ ಪದರ ದಾಟಿ ಹೋಗಿ ಅಂತ ಎರಡನ್ನೂ ಅಕ್ಕಪಕ್ಕದಲ್ಲೇ ಅದು ಹೇಳುತ್ತದೆ. ಸಂಹಿತೆಯ ಕಣ್ಣಿಗೆ ಎರೆ ಮಣ್ಣೂ ಹಿಮವೂ ಒಂದೇ ಬಗೆಯ ಅಪಾಯ. ದೇಶದ ಎರೆ ಭೂಮಿಯಲ್ಲಿ ತೇವ ಏರಿಳಿಯುವ ಪದರ ಸುಮಾರು ಮೂರೂವರೆ ಮೀಟರ್ ತನಕ ಇಳಿಯುತ್ತದೆ ಅನ್ನುವುದು ಎಂಜಿನಿಯರಿಂಗ್ ಪಠ್ಯದಲ್ಲಿರುವ ಮಾತು. ಆದರೆ 1.20 ಲಕ್ಷದ ಮನೆಗೆ ಮೂರಡಿ ತೋಡಿದರೆ ಅದೇ ಹೆಚ್ಚು.

ಕಾಲುವೆಗೆ ಸಿಕ್ಕ ವಿಜ್ಞಾನ

ಪರಿಹಾರಗಳು ನಮ್ಮ ದೇಶದಲ್ಲೇ, ಒಂದಂತೂ ನಮ್ಮ ರಾಜ್ಯದ ನೆಲದಲ್ಲೇ ಹುಟ್ಟಿದವು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ದಿನೇಶ್ ಮೋಹನ್ ಮತ್ತು ಸಂಗಡಿಗರು ಎರೆ ಮಣ್ಣಿಗಾಗಿಯೇ ಅಂಡರ್-ರೀಮ್ಡ್ ಪೈಲ್ ಅನ್ನೋ ಪಾಯವನ್ನು ಬೆಳೆಸಿದರು. ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ಮೂರೂವರೆ ಮೀಟರ್ ಆಳದ ಕಿರಿದಾದ ಗುಂಡಿ ಕೊರೆದು, ತಳದಲ್ಲಿ ಅದನ್ನು ಎರಡೂವರೆ ಪಟ್ಟು ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟು ತುಂಬುವುದು. ತಳದಲ್ಲಿ ಈರುಳ್ಳಿ ಗಡ್ಡೆಯ ಹಾಗೆ ಅಗಲವಾಗಿರುವುದರಿಂದ ಮೇಲಿನ ಮಣ್ಣು ಎಷ್ಟೇ ಎಳೆದರೂ ಕಂಬ ಕೀಳುವುದಿಲ್ಲ. ಈ ಕಂಬಗಳ ಮೇಲೆ ತೊಲೆ ಹಾಕಿ ಗೋಡೆ ಕಟ್ಟಬೇಕು. ತೊಲೆಗೂ ನೆಲಕ್ಕೂ ಕನಿಷ್ಠ 80 ಮಿಲಿಮೀಟರ್ ಸಂದು ಬಿಡಬೇಕು ಅನ್ನುತ್ತದೆ ಸಂಹಿತೆ. ಮಣ್ಣು ಉಬ್ಬಿದರೂ ಮನೆಗೆ ತಾಗದಿರಲಿ ಅಂತ.

ಎರಡನೆಯದು ಇನ್ನೂ ಹತ್ತಿರದ್ದು. 1980ರ ರೈತ ಬಂಡಾಯದ ಕಾರಣಕ್ಕೆ ನರಗುಂದ-ನವಲಗುಂದ ನಮಗೆ ಗೊತ್ತು. ಆ ಸೀಮೆಗೆ ನೀರು ಕೊಡುವ ಮಲಪ್ರಭಾ ಬಲದಂಡೆ ಕಾಲುವೆ ಸಾಗುವುದು ಎರೆ ಭೂಮಿಯಲ್ಲಿ. ಕಾಲುವೆಯ ಕಾಂಕ್ರೀಟು ಹೊದಿಕೆಯನ್ನು ಮಣ್ಣು ಎತ್ತಿ ಒಡೆಯುತ್ತಿದ್ದಾಗ ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿಯವರು ಒಂದು ಸರಳ ದಾರಿ ತೋರಿಸಿದರು. ಮೇಲಿನ ಹಿಗ್ಗುವ ಮಣ್ಣು ತೆಗೆದು, ಆ ಜಾಗದಲ್ಲಿ ಹಿಗ್ಗದ, ಆದರೆ ಅಂಟಿನ ಗುಣ ಇರುವ ಗರಸು ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪಕ್ಕೆ ಹದವಾಗಿ ನೀರು ಹಾಕಿ ದಮ್ಮಸು ಮಾಡುವುದು. ಬರೀ ಮರಳು ತುಂಬಿದರೆ ಆಗದು, ಮರಳು ನೀರಿಗೆ ದಾರಿ ಮಾಡಿಕೊಡುತ್ತದೆ. ಈ ವಿಧಾನ ಮುಂದೆ ಎರೆ ಮಣ್ಣಿನ ಕಾಲುವೆಗಳ ರಾಷ್ಟ್ರೀಯ ಮಾರ್ಗಸೂಚಿ ಸೇರಿತು.

ಒಮ್ಮೆ ಸಾಲಾಗಿ ಜೋಡಿಸಿ ನೋಡಿ. ಕಾಲುವೆಗೆ ಕಟ್ಟಿಯವರ ವಿಧಾನ ಸಿಕ್ಕಿತು. ಹೆದ್ದಾರಿ ಮಾಡುವಾಗ ಮಣ್ಣಿನ ಪರೀಕ್ಷೆ ಆಗದೆ ಡಾಂಬರು ಬೀಳುವುದಿಲ್ಲ. ಹೊಲಕ್ಕೆ 2015ರಿಂದ ಮಣ್ಣು ಆರೋಗ್ಯ ಕಾರ್ಡ್ ಇದೆ, ಸಾರಜನಕದಿಂದ ಬೋರಾನ್ ತನಕ 12 ಅಂಶ ಅಳೆದು ಕೊಡುತ್ತಾರೆ. ಅದೇ ರೈತ, ರೈತ ಕೂಲಿ ಬದುಕುವ ಮನೆಯ ಕೆಳಗಿನ ಮಣ್ಣಿಗೆ ಮಾತ್ರ ಯಾವ ಕಾರ್ಡೂ ಇಲ್ಲ.

ಎರಡು ಗಾಜಿನ ಕೊಳವೆ, ಒಂದು ಲೋಟ ಸೀಮೆಎಣ್ಣೆ

'ಪ್ರತಿ ಮನೆಗೂ ಲ್ಯಾಬ್ ವರದಿ ಎಲ್ಲಿಂದ ತರೋದು' ಅನ್ನೋ ಆಕ್ಷೇಪ ಬರುತ್ತದೆ. ಮಣ್ಣು ಹಿಗ್ಗುತ್ತದೋ ಇಲ್ಲವೋ ಅಂತ ತಿಳಿಯುವ ಮೊದಲ ಪರೀಕ್ಷೆ ಹೈಸ್ಕೂಲ್ ಲ್ಯಾಬಿನಲ್ಲಿ ಮಾಡುವಷ್ಟು ಸುಲಭ. ಒಣಗಿಸಿ ಜರಡಿ ಹಿಡಿದ ಮಣ್ಣು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರಿನ ಎರಡು ಗಾಜಿನ ಅಳತೆ ಕೊಳವೆಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. 24 ಗಂಟೆ ಬಿಟ್ಟು ಎರಡರ ಮಟ್ಟ ನೋಡಿದರೆ ನೀರಿನಲ್ಲಿ ಎಷ್ಟು ಹೆಚ್ಚು ಹಿಗ್ಗಿತು ಅಂತ ಗೊತ್ತಾಗುತ್ತದೆ. ವ್ಯತ್ಯಾಸ ಶೇ. 50ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ಶೇ. 100 ದಾಟಿದರೆ ಅಪಾಯ, ಶೇ. 200 ದಾಟಿದರೆ ತೀವ್ರ ಅಪಾಯ. ಐಎಸ್ 1498ರಲ್ಲಿರುವ ವರ್ಗೀಕರಣ ಇದು.

ನಕ್ಷೆಯ ಕೆಲಸವೂ ಅರ್ಧ ಮುಗಿದಿದೆ. ವಿಶ್ವಬ್ಯಾಂಕ್ ನೆರವಿನ ಸುಜಲಾ-3 ಯೋಜನೆಯಲ್ಲಿ ರಾಜ್ಯದ ಎಷ್ಟೋ ಕಿರು ಜಲಾನಯನಗಳ ಮಣ್ಣನ್ನು ಸರ್ವೆ ನಂಬರ್ ಮಟ್ಟದಲ್ಲಿ ಸಮೀಕ್ಷೆ ಮಾಡಲಾಗಿದೆ. ಮಣ್ಣಿನ ಆಳ ಎಷ್ಟು, ಜೇಡಿ ಎಷ್ಟು ಅನ್ನೋ ಮಾಹಿತಿ ಅದರಲ್ಲಿದೆ. ಯಾವ ಬೆಳೆ ಹಾಕಬೇಕು ಅಂತ ಹೇಳಲು ಮಾಡಿದ್ದು ಅದು. ಯಾವ ಪಾಯ ಹಾಕಬೇಕು ಅಂತ ಹೇಳಲೂ ಅದನ್ನು ಬಳಸಿದರೆ ಯಾರ ಗಂಟೂ ಹೋಗುವುದಿಲ್ಲ.

ಇನ್ನು ಖರ್ಚು. ಎಲ್ಲ ಮನೆಗೂ ಪೈಲ್ ಬೇಕಿಲ್ಲ. ಎರೆ ಪದರ ನಾಲ್ಕೈದು ಅಡಿಯಷ್ಟೇ ಇದ್ದು ಕೆಳಗೆ ಗರಸು ಸಿಕ್ಕರೆ ಅಲ್ಲಿಗೆ ಇಳಿದರೆ ಸಾಕು. ಪದರ ಆಳವಾಗಿದ್ದರೆ ಗರಸಿನ ಹಾಸು ಅಥವಾ ಪೈಲ್. ಬಡಾವಣೆಯಾಗಿ ನೂರು ಮನೆ ಕಟ್ಟುವಲ್ಲಿ ಒಂದೇ ಬೈರಿಗೆ, ಒಂದೇ ತಂಡ ಎಲ್ಲರಿಗೂ ಆಗುತ್ತದೆ. ಗೋಡೆಯ ಸುತ್ತ ನಾಲ್ಕೈದು ಅಡಿ ಅಗಲದ ಇಳಿಜಾರು ಕಟ್ಟೆ, ಬಚ್ಚಲ ನೀರಿಗೆ ದೂರದ ದಾರಿ, ಮರ ದೂರ ನೆಡುವುದು ಇವುಗಳಿಗೆ ಹಣಕ್ಕಿಂತ ಹೆಚ್ಚಾಗಿ ಹೇಳುವವರು ಬೇಕು. ಒಟ್ಟಾರೆ ಖರ್ಚು ಏರುವುದು ನಿಜ. ಗುಡ್ಡದವರಿಗೆ ಹೆಚ್ಚು ಕೊಡುವಾಗ ಒಪ್ಪಿದ ನ್ಯಾಯವನ್ನೇ ಇಲ್ಲೂ ಒಪ್ಪಿ ಅನ್ನುವುದಷ್ಟೇ ಕೇಳಿಕೆ.

ಬಿರಿದ ಮನೆಯೂ ಪಟ್ಟಿಯಲ್ಲಿ 'ಪಕ್ಕಾ ಮನೆ'

ಇದೆಲ್ಲ ಎಂಜಿನಿಯರುಗಳ ತಲೆನೋವು ಅಂತ ಬಿಟ್ಟುಬಿಡಬಹುದಿತ್ತು. ಬಿಡಲಾಗದ ಕಾರಣ ಇದು. ವಸತಿ ಯೋಜನೆಯ ಫಲಾನುಭವಿ ಆಗಬೇಕಾದರೆ ಮನೆ ಇರಬಾರದು, ಇಲ್ಲವೇ ಕಚ್ಚಾ ಮನೆ ಇರಬೇಕು. ಸಾಲ ಮಾಡಿ, ತಾಳಿ ಅಡವಿಟ್ಟು, ಅನುದಾನದ ಮೇಲೆ ಇನ್ನಷ್ಟು ಸೇರಿಸಿ ಕಟ್ಟಿದ ಮನೆ ಕೆಲವೇ ವರ್ಷದಲ್ಲಿ ಓರೆಯಾಗಿ ಬಿರಿದರೆ ಆ ಕುಟುಂಬ ಸರ್ಕಾರಿ ಲೆಕ್ಕದಲ್ಲಿ ಪಕ್ಕಾ ಮನೆಯ ಮಾಲೀಕ. ಮತ್ತೆ ಅರ್ಜಿ ಹಾಕುವಂತಿಲ್ಲ. ಪ್ರವಾಹಕ್ಕೆ ಬಿದ್ದ ಮನೆಗೆ ವಿಪತ್ತು ಪರಿಹಾರ ನಿಧಿಯಿಂದ ಹಣ ಉಂಟು. ಐದು ಮಳೆಗಾಲ ಸೇರಿ ನಿಧಾನಕ್ಕೆ ಒಡೆದ ಮನೆ ಯಾವ ವಿಪತ್ತಿನ ವ್ಯಾಖ್ಯಾನಕ್ಕೂ ಬರುವುದಿಲ್ಲ. ಮನೆ ಕಟ್ಟಿ ನೋಡು ಅಂತಾರಲ್ಲ, ಇವರು ಕಟ್ಟಿ ನೋಡಿದ್ದಾರೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಂದಿನಿಂದ ಪ್ರಾದೇಶಿಕ ಅಸಮಾನತೆ ಅಂದರೆ ರಸ್ತೆ, ಆಸ್ಪತ್ರೆ, ಕಾಲೇಜು ಅಂತ ಎಣಿಸುವುದು ನಮಗೆ ರೂಢಿಯಾಗಿದೆ. ಒಂದೇ ಮೊತ್ತ ಕೊಟ್ಟರೆ ಸಮಾನವಾಗಿ ಕೊಟ್ಟಂತೆ ಅನ್ನೋದು ಈ ಲೆಕ್ಕದ ಹಿಂದಿನ ನಂಬಿಕೆ. 1.20 ಲಕ್ಷಕ್ಕೆ ಗಟ್ಟಿ ಕೆಂಪು ನೆಲದಲ್ಲಿ ಬರುವ ಮನೆ ಎರೆಯಲ್ಲಿ ಬರುವುದಿಲ್ಲ. ಹಣ ಸಮ, ಮನೆ ಸಮ ಅಲ್ಲ.

ಈಗಲೇ ಯಾಕೆ ಈ ಮಾತು? ಆಲಮಟ್ಟಿ ಜಲಾಶಯದ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. 2025ರ ಸೆಪ್ಟೆಂಬರ್‌ನಲ್ಲಿ ಮುಳುಗಡೆ ಜಮೀನಿಗೆ ರಾಜ್ಯ ಸಂಪುಟ ದರವನ್ನೂ ನಿಗದಿ ಮಾಡಿತು. ನೀರಾವರಿ ಎಕರೆಗೆ 40 ಲಕ್ಷ, ಒಣ ಎಕರೆಗೆ 30 ಲಕ್ಷ. ಎಕರೆ ದರದ ಬಗ್ಗೆ ಹೋರಾಟ, ಚರ್ಚೆ ಎಲ್ಲ ನಡೆದವು, ನಡೆಯಬೇಕಾದ್ದೇ. ಮುಳುಗುವ ಹಳ್ಳಿಗಳ ಜನ ನಾಳೆ ಹೋಗಿ ನೆಲೆಸುವ ಪುನರ್ವಸತಿ ಕೇಂದ್ರದ ನೆಲ ಯಾವುದು, ಅಲ್ಲಿ ಎರೆ ಎಷ್ಟು ಆಳ ಅನ್ನುವ ಪ್ರಶ್ನೆ ಮಾತ್ರ ಸುದ್ದಿಯಾಗಲಿಲ್ಲ. 2009ರ ಮಹಾಪ್ರವಾಹದ ನಂತರ ಅವಸರದಲ್ಲಿ ಕಟ್ಟಿದ 'ಆಸರೆ' ಮನೆಗಳ ಗುಣಮಟ್ಟದ ಬಗ್ಗೆ ಬಂದ ದೂರುಗಳನ್ನು ಈ ಭಾಗದ ಜನ ಮರೆತಿಲ್ಲ. ಆಗ ಅವಸರ ಅನ್ನೋ ನೆಪವಾದರೂ ಇತ್ತು. ಈ ಸಲ ಹದಿನೈದು ವರ್ಷದ ಮುನ್ಸೂಚನೆ ಇದೆ.

ಹಾಗಾಗಿ ಕೇಳಬೇಕಾದ್ದು ಇಷ್ಟು. ಪುನರ್ವಸತಿ ನಿವೇಶನ ಹಂಚುವ ಮೊದಲು ಆ ನೆಲದ ಮಣ್ಣಿನ ವರದಿ ಕನ್ನಡದಲ್ಲಿ, ಪಂಚಾಯ್ತಿ ಗೋಡೆಯ ಮೇಲೆ ಬರಲಿ. ಗುಡ್ಡಗಾಡು ಅನ್ನೋ ವರ್ಗದ ಪಕ್ಕದಲ್ಲಿ ಹಿಗ್ಗುವ ಮಣ್ಣು ಅನ್ನೋ ವರ್ಗವೂ ಸೇರಲಿ, ಕೇಂದ್ರ ಒಪ್ಪುವ ತನಕ ರಾಜ್ಯ ಆ ವ್ಯತ್ಯಾಸ ತುಂಬಲಿ. ಬಿರಿದ ಮನೆಯನ್ನು ಪಕ್ಕಾ ಪಟ್ಟಿಯಿಂದ ತೆಗೆದು ದುರಸ್ತಿಗೆ ಅರ್ಹ ಅಂತ ಮಾಡಲಿ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಈಗ ಪಾಯ ಮುಗಿದ ಮೇಲೆ ಜಿಪಿಎಸ್ ಫೋಟೊ ನೋಡಿ ಕಂತು ಬಿಡುಗಡೆ ಮಾಡುತ್ತದೆ. ಆ ಫೋಟೊದಲ್ಲಿ ಪಾಯ ಎಲ್ಲಿದೆ ಅಂತ ಕಾಣುತ್ತದೆ, ಯಾವ ಮಣ್ಣಿನ ಮೇಲಿದೆ ಅಂತ ಕಾಣುವುದಿಲ್ಲ. ಪಾಯ ತೋಡುವ ಮೊದಲೇ ಆ ಎರಡು ಗಾಜಿನ ಕೊಳವೆಯ ಪರೀಕ್ಷೆ ಕಡ್ಡಾಯವಾಗಲಿ.

ನಿಮ್ಮೂರಲ್ಲಿ ಮುಂದಿನ ಗ್ರಾಮಸಭೆ ನಡೆದಾಗ ಫಲಾನುಭವಿ ಪಟ್ಟಿಯಲ್ಲಿ ಯಾರ ಹೆಸರಿದೆ ಅಂತ ಎಲ್ಲರೂ ಕೇಳುತ್ತಾರೆ. ಅವರಿಗೆ ಕೊಡುವ ಜಾಗದ ಮಣ್ಣು ಎಷ್ಟು ಹಿಗ್ಗುತ್ತದೆ ಅಂತಲೂ ಒಬ್ಬರು ಎದ್ದು ನಿಂತು ಕೇಳಿ. ನಡಾವಳಿ ಪುಸ್ತಕದಲ್ಲಿ ಆ ಪ್ರಶ್ನೆ ಬರೆಸಿ.